ಆಡುವವರ ಕೈಯಿಂದ ಕಂಟ್ರೋಲರ್ ಯಾವಾಗ ತೆಗೆದುಕೊಳ್ಳಬೇಕು? ಸಣ್ಣ ತಂಡಗಳಿಗೆ ಕಟ್‌ಸೀನ್ ಮಾಡುವ ದಾರಿ

ಮಂಗಳೂರು, ಮಣಿಪಾಲ, ಉಡುಪಿ ಕಡೆ ಮೂರ್ನಾಲ್ಕು ಜನ ಸೇರಿ ರಾತ್ರಿ ಕೂತು ಗೇಮ್ ಮಾಡುತ್ತೀರಲ್ಲ, ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ. ಕಥೆ ಇರುವ ಗೇಮ್ ಅಂದ ಕೂಡಲೇ ಹೆಚ್ಚಿನವರು ಮೊದಲು ಕೈ ಹಾಕುವುದು ಓಪನಿಂಗ್ ಕಟ್‌ಸೀನಿಗೆ, ಅಂದರೆ ಆಟ ನಿಲ್ಲಿಸಿ ಆಡುವವರನ್ನು ಸುಮ್ಮನೆ ಕೂರಿಸಿ ತೋರಿಸುವ ದೃಶ್ಯಕ್ಕೆ. ಸಮುದ್ರದ ಮೇಲಿಂದ ತೇಲಿ ಬರುವ ಕ್ಯಾಮೆರಾ, ಹಿನ್ನೆಲೆಯಲ್ಲಿ ಒಂದು ಗಂಭೀರ ಧ್ವನಿ, ಆಮೇಲೆ ಟೈಟಲ್. ತಿಂಗಳುಗಟ್ಟಲೆ ಅದರಲ್ಲೇ ಕಳೆದುಹೋಗುತ್ತದೆ, ಆಟದೊಳಗಿನ ಹುಡುಗ ಮಾತ್ರ ಇನ್ನೂ ನೆಟ್ಟಗೆ ನಡೆಯುತ್ತಿರುವುದಿಲ್ಲ. ನನ್ನ ಮಾತು ಇಷ್ಟೇ. ಕಟ್‌ಸೀನ್ ಕೊನೆಗೆ ಮಾಡಿ, ಕಡಿಮೆ ಮಾಡಿ, ಆಡುವವರ ಕೈ ಕಟ್ಟುವುದರಲ್ಲೇ ಏನಾದರೂ ಅರ್ಥ ಇರುವ ಜಾಗದಲ್ಲಿ ಮಾತ್ರ ಮಾಡಿ.

ಮೊದಲು ಇದು ಹೇಗೆ ಬದಲಾಯಿತು ಅಂತ ಸ್ವಲ್ಪ ನೋಡೋಣ, ಯಾಕೆಂದರೆ ನಾವು ಇವತ್ತೂ ಹಳೆ ಕಾಲದ ಕಾರಣಗಳಿಗೆ ಕಟ್‌ಸೀನ್ ಮಾಡುತ್ತಿದ್ದೇವೆ. 1980ರ ಪ್ಯಾಕ್-ಮ್ಯಾನ್‌ನಲ್ಲೇ ಕೆಲವು ಲೆವೆಲ್ ಮುಗಿದ ಮೇಲೆ ಒಂದು ತಮಾಷೆ ದೃಶ್ಯ ಬರುತ್ತಿತ್ತು. ದೆವ್ವ ಪ್ಯಾಕ್-ಮ್ಯಾನನ್ನು ಓಡಿಸಿಕೊಂಡು ಹೋಗುತ್ತದೆ, ಮರುಕ್ಷಣ ದೈತ್ಯನಾದ ಪ್ಯಾಕ್-ಮ್ಯಾನ್ ದೆವ್ವವನ್ನೇ ಓಡಿಸಿಕೊಂಡು ಬರುತ್ತಾನೆ. ಕೆಲವೇ ಸೆಕೆಂಡು, ಬೆರಳಿಗೆ ಒಂದು ವಿಶ್ರಾಂತಿ. 1997ರಲ್ಲಿ ಫೈನಲ್ ಫ್ಯಾಂಟಸಿ 7 ಬರುವಾಗ ಕಥೆಯೇ ಬೇರೆ. ಮೂರು ಡಿಸ್ಕ್ ತುಂಬ ಆಟ, ಅದರಲ್ಲಿ ದೊಡ್ಡ ಪಾಲು ಮೊದಲೇ ರೆಂಡರ್ ಮಾಡಿಟ್ಟ, ಅಂದರೆ ಕಂಪ್ಯೂಟರಿನಲ್ಲಿ ಚಿತ್ರ ತಯಾರಿಸಿಟ್ಟ ವಿಡಿಯೊ. ಆಟ ಆಡುವಾಗ ಪಾತ್ರಗಳ ಕೈ ಡಬ್ಬಿ ಜೋಡಿಸಿದ ಹಾಗೆ ಕಾಣುತ್ತಿತ್ತು, ವಿಡಿಯೊ ಬಂದಾಗ ಮಾತ್ರ ಕೂದಲು, ಬಟ್ಟೆ, ಬೆಳಕು ಎಲ್ಲ ಜೀವ ತುಂಬಿಕೊಳ್ಳುತ್ತಿತ್ತು. ಹಾಗಾಗಿ ಆಗ ಕಟ್‌ಸೀನ್ ಅಂದರೆ ಬಹುಮಾನ. ಕಷ್ಟಪಟ್ಟು ಆಡಿದ್ದಕ್ಕೆ ಸಿಗುವ ಚೆಂದದ ದೃಶ್ಯ.

ಈಗ ಆಟವೇ ಅಷ್ಟು ಚೆಂದ ಕಾಣುತ್ತದೆ, ಹಾಗಾಗಿ ಆ ಬಹುಮಾನಕ್ಕೆ ಬೆಲೆ ಇಲ್ಲ. ಇನ್ನೊಂದು ಕಾರಣ ಲೋಡಿಂಗ್. ಮುಂದಿನ ಜಾಗ ಡಿಸ್ಕ್‌ನಿಂದ ಬರುವವರೆಗೆ ಆಡುವವರನ್ನು ಎಲ್ಲಾದರೂ ಕೂರಿಸಬೇಕಲ್ಲ. 2007ರ ಮಾಸ್ ಎಫೆಕ್ಟ್‌ನಲ್ಲಿ ಲಿಫ್ಟ್ ಮೇಲೆ ಹೋಗುತ್ತಲೇ ಇರುತ್ತಿತ್ತು, ಅದರ ಹಿಂದೆ ಲೋಡಿಂಗ್ ನಡೆಯುತ್ತಿತ್ತು. 2020ರಲ್ಲಿ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡೂ ಡಿಸ್ಕ್‌ಗಿಂತ ಎಷ್ಟೋ ಬೇಗ ಓದುವ ಎಸ್‌ಎಸ್‌ಡಿ ಹಾಕಿಕೊಂಡು ಬಂದ ಮೇಲೆ ಆ ನೆಪವೂ ಬಹುಪಾಲು ಹೋಯಿತು.

1998ರಲ್ಲಿ ಎರಡು ಗೇಮ್ ಬಂದವು. ಒಂದು ಹಾಫ್-ಲೈಫ್. ಶುರುವಿನಲ್ಲೇ ನಿಮ್ಮನ್ನು ಒಂದು ಟ್ರಾಮ್‌ನೊಳಗೆ ನಿಲ್ಲಿಸುತ್ತದೆ. ಟ್ರಾಮ್ ತನ್ನ ಪಾಡಿಗೆ ಹೋಗುತ್ತದೆ, ನೀವು ಒಳಗೆ ಓಡಾಡಬಹುದು, ಯಾವ ಕಿಟಕಿಯಿಂದ ಬೇಕಾದರೂ ನೋಡಬಹುದು, ಏನೂ ನೋಡದೆ ಗೋಡೆಗೆ ಮುಖ ಮಾಡಿ ನಿಂತರೂ ಯಾರೂ ತಡೆಯುವುದಿಲ್ಲ. ಕ್ಯಾಮೆರಾ ಯಾವತ್ತೂ ನಿಮ್ಮ ಕಣ್ಣು ಬಿಟ್ಟು ಆಚೆ ಹೋಗುವುದಿಲ್ಲ. ಇನ್ನೊಂದು ಮೆಟಲ್ ಗೇರ್ ಸಾಲಿಡ್. ಅದು ಆಟದ ಎಂಜಿನ್‌ನಲ್ಲೇ, ಅಂದರೆ ಆಟವನ್ನು ನಡೆಸುವ ಸಾಫ್ಟ್‌ವೇರ್‌ನಲ್ಲೇ, ಸಿನಿಮಾದ ಹಾಗೆ ಶಾಟ್ ಕಟ್ಟಿ ತೋರಿಸಿತು. ಆಮೇಲೆ ಬಂದ ಎಲ್ಲರೂ ಈ ಎರಡರ ನಡುವೆ ಎಲ್ಲೋ ನಿಂತವರೇ. 2018ರ ಗಾಡ್ ಆಫ್ ವಾರ್ ಇಡೀ ಆಟವನ್ನು ಒಂದೂ ಕಟ್ ಇಲ್ಲದೆ ಒಂದೇ ಕ್ಯಾಮೆರಾದಲ್ಲಿ ಹೇಳಿತು. 2023ರ ಬಾಲ್ಡರ್ಸ್ ಗೇಟ್ 3 ಮಾತ್ರ ಮಾತು ಶುರುವಾದ ಕೂಡಲೇ ಪಾತ್ರದ ಮುಖದ ಹತ್ತಿರ ಹೋಗಿ ನಿಲ್ಲುತ್ತದೆ. ಅಲ್ಲಿ ಅದು ಸರಿಯೇ. ಎದುರಿನವನು ಸುಳ್ಳು ಹೇಳುತ್ತಿದ್ದಾನಾ ಅಂತ ಮುಖ ನೋಡಿ ನೀವೇ ತೀರ್ಮಾನ ಮಾಡಬೇಕು.

ಕೆಲಸಕ್ಕೆ ಬರೋಣ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಂಗಳೂರಿನ ದಕ್ಕೆ, ಮೀನುಗಾರಿಕೆ ಬೋಟುಗಳು ನಿಲ್ಲುವ ಜಾಗ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ, ಅದು ಮುಗಿದು ಮೊದಲ ಟ್ರಿಪ್. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಬೋಟಿನಲ್ಲಿದ್ದಾನೆ. ಅವನ ಅಣ್ಣ ಹಿಂದಿನ ವರ್ಷ ಸಮುದ್ರದಲ್ಲಿ ಕಾಣೆಯಾದವನು. ಆಡುವವರು ಈ ಹುಡುಗ.

ಕಾಗದದ ಮೇಲೆ ನಿಮಗೆ ತೋಚುವ ಕಟ್‌ಸೀನ್ ಎಲ್ಲ ಬರೆಯಿರಿ. ಸಮುದ್ರ ಪೂಜೆ. ಬೋಟ್ ನಡೆಸುವ ತಾಂಡೇಲನ ಪರಿಚಯ. ಬೋಟ್ ದಕ್ಕೆ ಬಿಡುವುದು. ನದಿ ಸಮುದ್ರ ಸೇರುವ ಅಳಿವೆ ಬಾಗಿಲಿನಲ್ಲಿ ತೆರೆ ಹೊಡೆಯುವುದು. ಬಲೆಯಲ್ಲಿ ಅಣ್ಣನ ಗುರುತು ಸಿಗುವುದು. ವಾಪಸ್ ಬಂದಾಗ ದಡದಲ್ಲಿ ಅಮ್ಮ. ಈಗ ಒಂದೊಂದರ ಪಕ್ಕದಲ್ಲೂ ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ಈ ಹೊತ್ತಿನಲ್ಲಿ ಹುಡುಗನ ಕೈ ಏನು ಮಾಡುತ್ತಿದೆ? ಅವನ ಕೈ ಕೆಲಸದಲ್ಲಿದ್ದರೆ ಆಡುವವರ ಕೈಯೂ ಕೆಲಸದಲ್ಲೇ ಇರಬೇಕು. ಅವನು ಏನೂ ಮಾಡಲಾಗದ ಸ್ಥಿತಿಯಲ್ಲಿದ್ದರೆ ಆಗ ಕಂಟ್ರೋಲ್ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ.

ಸಮುದ್ರ ಪೂಜೆ ಕಣ್ಣಿಗೆ ಹಬ್ಬ, ಎಲ್ಲರಿಗೂ ಅದನ್ನು ಮೂರು ನಿಮಿಷದ ಸಿನಿಮಾ ಮಾಡಬೇಕು ಅಂತಲೇ ಆಸೆ. ಬೇಡ. ಹಾಲಿನ ತಂಬಿಗೆ ಹುಡುಗನ ಕೈಗೆ ಕೊಡಿ. ಜನರ ನಡುವೆ ದಾರಿ ಮಾಡಿಕೊಂಡು ನೀರಿನವರೆಗೆ ಅವನೇ ನಡೆಯಲಿ, ಹಾಲು ಅವನೇ ಎರೆಯಲಿ. ಸುತ್ತ ಮಾತಾಡುವವರ ಬಾಯಿಂದ ಅಣ್ಣನ ವಿಷಯ ಅರ್ಧಂಬರ್ಧ ಕಿವಿಗೆ ಬೀಳಲಿ. ಅವನು ನಿಂತು ಕೇಳಿಸಿಕೊಂಡರೆ ಜಾಸ್ತಿ ಗೊತ್ತಾಗುತ್ತದೆ, ಸುಮ್ನೆ ದಾಟಿ ಹೋದರೆ ಕಡಿಮೆ. ಹಾಫ್-ಲೈಫ್‌ನ ಟ್ರಾಮ್ ಮಾಡಿದ ಕೆಲಸ ಇದೇ. ಬೋಟ್ ದಕ್ಕೆ ಬಿಡುವ ದೃಶ್ಯವೂ ಹಾಗೆಯೇ, ಹಗ್ಗ ಬಿಚ್ಚುವುದು ಐಸ್ ತುಂಬುವುದು ಇವನದೇ ಕೆಲಸವಾದರೆ ಬೋಟಿನ ಮೂಲೆ ಮೂಲೆ ಪರಿಚಯವಾಗುತ್ತದೆ, ಬೇರೆ ಟ್ಯುಟೋರಿಯಲ್ ಬೇಕಾಗುವುದಿಲ್ಲ.

ತಾಂಡೇಲನನ್ನು ಪರಿಚಯಿಸುವುದು ಹೇಗೆ? ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವುದನ್ನು ನೋಡಿದ್ದೀರಲ್ವಾ. ಒಮ್ಮೆಲೇ ಪೂರ್ತಿ ತೋರಿಸುವುದಿಲ್ಲ. ತೆರೆಯ ಹಿಂದಿನಿಂದ ಆರ್ಭಟ ಮೊದಲು, ಆಮೇಲೆ ಕಿರೀಟದ ತುದಿ, ಆಮೇಲೆ ಸ್ವಲ್ಪವೇ ಮುಖ. ನಮ್ಮ ತಾಂಡೇಲನೂ ಹಾಗೆ ಬರಲಿ. ಹುಡುಗ ಹಗ್ಗ ಬಿಚ್ಚುತ್ತಿರುವಾಗ ಕ್ಯಾಬಿನ್ ಒಳಗಿನಿಂದ ಧ್ವನಿ ಮಾತ್ರ: "ಬೇಗ ಬಿಡು ಮಾರಾಯ, ಅಳಿವೆಯಲ್ಲಿ ತೆರೆ ಜೋರುಂಟು." ಆಮೇಲೆ ಸ್ಟಿಯರಿಂಗ್ ಹಿಡಿದ ಕೈ ಕಾಣಲಿ. ಮುಖ ಕಾಣುವುದು ಬೋಟ್ ಹೊರಟ ಮೇಲೆ, ಹುಡುಗ ತಾನಾಗಿ ತಿರುಗಿ ನೋಡಿದಾಗ. ಇದಕ್ಕೆ ಒಂದು ಸೆಕೆಂಡೂ ಕಂಟ್ರೋಲ್ ಕಿತ್ತುಕೊಳ್ಳಬೇಕಾಗಿಲ್ಲ.

ಅಳಿವೆ ಬಾಗಿಲು ಸ್ವಲ್ಪ ಬೇರೆ. ಇಲ್ಲಿ ಕಂಟ್ರೋಲ್ ಇರಲಿ, ಆದರೆ ಮಾತು ಕೇಳದಿರಲಿ. ಹುಡುಗ ಕಂಬ ಹಿಡಿದುಕೊಳ್ಳಬೇಕು, ಬೋಟ್ ವಾಲಿದಾಗ ಕಂಟ್ರೋಲರ್‌ನ ಸ್ಟಿಕ್ ಎಡಕ್ಕೆ ತಳ್ಳಿದರೂ ಅವನು ಬಲಕ್ಕೆ ಜಾರುತ್ತಾನೆ. 2007ರ ಕಾಲ್ ಆಫ್ ಡ್ಯೂಟಿ 4ರಲ್ಲಿ ಅಣುಬಾಂಬ್ ಸಿಡಿದ ಮೇಲಿನ ಭಾಗ ನೆನಪಿದೆಯಾ? ಹೆಲಿಕಾಪ್ಟರಿನಿಂದ ತೆವಳಿಕೊಂಡು ಹೊರಗೆ ಬರುತ್ತೀರಿ, ನಾಲ್ಕು ಹೆಜ್ಜೆ ಇಡುತ್ತೀರಿ, ಅಲ್ಲೇ ಸಾಯುತ್ತೀರಿ. ಬಟನ್ ಕೆಲಸ ಮಾಡುತ್ತದೆ, ಆದರೆ ಯಾವ ಬಟನ್ನಿಂದಲೂ ಬದುಕುವುದಿಲ್ಲ. ಸುಮ್ಮನೆ ಕೂತು ನೋಡಿದ್ದರೆ ಇದರ ಅರ್ಧದಷ್ಟೂ ತಟ್ಟುತ್ತಿರಲಿಲ್ಲ.

ಇಂಥ ಜಾಗದಲ್ಲಿ "ಈಗ ಎಕ್ಸ್ ಒತ್ತಿ" ಅಂತ ದೊಡ್ಡ ಚಿಹ್ನೆ ತೋರಿಸುವ ಆಸೆ ಬರುತ್ತದೆ. 2005ರ ರೆಸಿಡೆಂಟ್ ಈವಿಲ್ 4ರ ಚಾಕು ಕಾಳಗ ಆಡಿದವರಿಗೆ ಅದರ ಬಿಸಿ ಗೊತ್ತು, ಒಂದು ಬಟನ್ ತಪ್ಪಿದರೆ ಸಾವು. ನನಗೆ ಈ ಪದ್ಧತಿ ಇಷ್ಟವಿಲ್ಲ. ಕಣ್ಣು ಪೂರ್ತಿ ಚಿಹ್ನೆಯ ಮೇಲೆ ಇರುತ್ತದೆ, ದೃಶ್ಯ ನೋಡುವವರೇ ಇಲ್ಲ. ಹಾಕಲೇಬೇಕು ಅಂದರೆ 2018ರ ಮಾರ್ವೆಲ್ಸ್ ಸ್ಪೈಡರ್-ಮ್ಯಾನ್ ಹಾಗೆ ಸೆಟ್ಟಿಂಗ್‌ನಲ್ಲಿ ಅವು ತಾನಾಗಿ ಆಗುವ ಆಯ್ಕೆ ಕೊಡಿ. ಬೆರಳು ಬೇಗ ಓಡದವರೂ ಆಟ ಆಡುತ್ತಾರೆ.

ನಿಜವಾಗಿ ಕೈ ಕಟ್ಟಬೇಕಾದ ಜಾಗ

ಈಗ ಬಲೆಯ ದೃಶ್ಯ. ಇಡೀ ಗೇಮ್‌ನಲ್ಲಿ ಒಂದೇ ಒಂದು ಪೂರ್ತಿ ಕಟ್‌ಸೀನ್ ಮಾಡುವುದಾದರೆ ಇದನ್ನೇ ಮಾಡಿ.

ಮೊದಲೇ ಒಂದು ತಯಾರಿ ಬೇಕು. ಆಟದ ಮೊದಲ ಅರ್ಧ ಗಂಟೆಯಲ್ಲಿ ಹುಡುಗನಿಂದ ಒಂದು ಗಂಟು ಹಾಕಿಸಿ. ಅಣ್ಣ ಕಲಿಸಿದ ಗಂಟು, ನೀಲಿ ಹಗ್ಗ, ಅದಕ್ಕೆ ಸುತ್ತಿದ ಕೆಂಪು ಬಟ್ಟೆ. ಸ್ಟಿಕ್ ತಿರುಗಿಸಿ, ಬಟನ್ ಹಿಡಿದು, ಬಿಟ್ಟು, ಹೀಗೆ ಕೈಯಿಂದಲೇ ಕಟ್ಟಬೇಕು. ಎರಡು ಮೂರು ಸಲ ಬೇರೆ ಬೇರೆ ಕಡೆ ಅದೇ ಗಂಟು ಬರಲಿ. ಆಡುವವರ ಬೆರಳಿಗೆ ಅದು ರೂಢಿಯಾಗಬೇಕು.

ಈಗ ಬಲೆ ಎಳೆಯುವ ಕೆಲಸ ನಡೆಯುತ್ತಿದೆ. ಬಟನ್ ಒತ್ತಿದ ಹಾಗೆ ಬಲೆ ಮೇಲೆ ಬರುತ್ತದೆ, ಬಂಗುಡೆ, ಬೂತಾಯಿ, ಪ್ಲಾಸ್ಟಿಕ್ ಕಸ. ಒತ್ತುತ್ತಾ ಇದ್ದೀರಿ. ಒಂದು ಹೊತ್ತಿಗೆ ಒತ್ತಿದರೂ ಬಲೆ ಬರುವುದಿಲ್ಲ. ಕ್ಯಾಮೆರಾ ಇನ್ನೂ ಆಟದ ಕ್ಯಾಮೆರಾವೇ, ಹುಡುಗನ ಬೆನ್ನ ಹಿಂದೆ. ಅವನ ಕೈ ನಿಂತಿದೆ, ಅಷ್ಟೇ. ಇದು ಮೊದಲ ಶಾಟ್. ಎರಡನೆಯದು ಹತ್ತಿರದಿಂದ: ಮೀನಿನ ನಡುವೆ ನೀಲಿ ಹಗ್ಗದ ತುಂಡು, ಕೆಂಪು ಬಟ್ಟೆ ಮಾಸಿ ಕಂದಾಗಿದೆ, ಗಂಟು ಮಾತ್ರ ಹಾಗೆಯೇ ಇದೆ. ಮೂರನೆಯದು ತಾಂಡೇಲನ ಮುಖ. ಅವನು ನೋಡುತ್ತಾನೆ, ಎಂಜಿನ್ ನ್ಯೂಟ್ರಲ್‌ಗೆ ಹಾಕುತ್ತಾನೆ, ಆ ಸದ್ದು ಇಳಿಯುತ್ತದೆ. ಮಾತಿಲ್ಲ. ನಾಲ್ಕನೆಯದು ಮತ್ತೆ ಹುಡುಗನ ಬೆನ್ನ ಹಿಂದೆ, ಮೊದಲು ಇದ್ದ ಜಾಗದಲ್ಲೇ. ಎಲ್ಲ ಸೇರಿ ಇಪ್ಪತ್ತು ಸೆಕೆಂಡಿನೊಳಗೆ. ಈಗ ಬಟನ್ ಮತ್ತೆ ಕೆಲಸ ಮಾಡುತ್ತದೆ, ಬಲೆ ಇನ್ನೂ ಅರ್ಧ ನೀರಿನಲ್ಲಿದೆ. ಎಳೆಯಬೇಕಾದವರು ನೀವೇ. ಯಾವಾಗ ಒತ್ತಬೇಕು ಅನ್ನುವುದನ್ನು ಆಟ ಹೇಳುವುದಿಲ್ಲ, ಎಷ್ಟು ಹೊತ್ತಾದರೂ ಕಾಯುತ್ತದೆ.

ಇಲ್ಲಿ "ಇದು ಅಣ್ಣನ ಗಂಟು" ಅಂತ ಒಂದು ಡೈಲಾಗ್ ಹಾಕಿದರೆ ಎಲ್ಲ ಹಾಳು. ಆ ಗಂಟು ಆಡುವವರ ಕೈಗೇ ಗೊತ್ತು. ಕೈಗೆ ಗೊತ್ತಿರುವುದನ್ನು ಕಣ್ಣಿಗೆ ತೋರಿಸಿದಾಗ ಆಗುವುದು ಸಿನಿಮಾದಲ್ಲಿ ಆಗಲು ಸಾಧ್ಯವೇ ಇಲ್ಲ, ಅದಕ್ಕೇ ಈ ಮಾಧ್ಯಮದ ಮೇಲೆ ನನಗೆ ಇಷ್ಟು ಪ್ರೀತಿ.

ಕಂಟ್ರೋಲ್ ತೆಗೆದುಕೊಳ್ಳುವುದೇ ಕಥೆಯಾದ ದೊಡ್ಡ ಉದಾಹರಣೆ 2007ರ ಬಯೋಶಾಕ್. ಆಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಅದರಲ್ಲಿ ಆಂಡ್ರ್ಯೂ ರಯಾನ್ ಎದುರಿಗೆ ನಿಂತಾಗ ನಿಮ್ಮ ಬಟನ್‌ಗಳು ಸತ್ತುಹೋಗುತ್ತವೆ, ನಿಮ್ಮ ಪಾತ್ರ ಅವನು ಹೇಳಿದ ಹಾಗೆ ಅವನನ್ನೇ ಹೊಡೆದು ಕೊಲ್ಲುತ್ತದೆ. ಇಷ್ಟು ಹೊತ್ತೂ ಒಂದು ವಿನಯದ ಮಾತಿಗೆ ಕಟ್ಟುಬಿದ್ದು ನಡೆದಿದ್ದೇನೆ, ಸ್ವಂತ ಇಚ್ಛೆಯೇ ಇರಲಿಲ್ಲ ಅಂತ ಗೊತ್ತಾಗುವುದು ಅಲ್ಲಿಯೇ. ಅದನ್ನು ಕಂಟ್ರೋಲ್ ಕೊಟ್ಟು ಆಡಿಸಿದ್ದರೆ ಅರ್ಥವೇ ಇರುತ್ತಿರಲಿಲ್ಲ.

ಕೊನೆಯ ದೃಶ್ಯ, ದಡದಲ್ಲಿ ಅಮ್ಮ? ಹುಡುಗನೇ ಇಳಿದು ನಡೆದುಕೊಂಡು ಹೋಗಲಿ. ಅಲ್ಲಿಗೆ ಮುಗಿಸಿ.

ಕಟ್ಟುವುದು

ವಿಡಿಯೊ ಫೈಲ್ ಮಾಡಬೇಡಿ, ಎಂಜಿನ್ ಒಳಗೇ ಮಾಡಿ. 10 ಎಂಬಿಪಿಎಸ್‌ನ (ಸೆಕೆಂಡಿಗೆ 10 ಮೆಗಾಬಿಟ್) ವಿಡಿಯೊ ಅಂದರೆ ನಿಮಿಷಕ್ಕೆ 75 ಎಂಬಿ. ಮೊಬೈಲ್ ಗೇಮ್ ಆದರೆ ಡೌನ್‌ಲೋಡ್ ಸೈಜ್ ನೋಡಿಯೇ ಅರ್ಧ ಜನ ಬಿಟ್ಟುಬಿಡುತ್ತಾರೆ. ಹುಡುಗನ ಅಂಗಿ ಬದಲಾಯಿಸಿದರೆ ವಿಡಿಯೊದಲ್ಲಿ ಹಳೆ ಅಂಗಿಯೇ ಇರುತ್ತದೆ. ದೃಶ್ಯ ಜೋಡಿಸಲು ಅನ್‌ರಿಯಲ್ ಎಂಜಿನ್‌ನಲ್ಲಿ ಸೀಕ್ವೆನ್ಸರ್ ಇದೆ, ಯೂನಿಟಿಯಲ್ಲಿ ಟೈಮ್‌ಲೈನ್ ಮತ್ತು ಸಿನಿಮಷೀನ್, ಗೊಡೋದಲ್ಲಿ ಅನಿಮೇಷನ್ ಪ್ಲೇಯರ್ ಒಂದೇ ಸಾಕು. ಮೊದಲು ಬರೀ ಡಬ್ಬಿಗಳನ್ನಿಟ್ಟು ಕ್ಯಾಮೆರಾ ಮತ್ತು ಟೈಮಿಂಗ್ ನೋಡಿ. ಡಬ್ಬಿಯಲ್ಲೇ ದೃಶ್ಯ ಅರ್ಥವಾಗದಿದ್ದರೆ ಮಾಡೆಲ್ ಹಾಕಿದ ಮೇಲೂ ಆಗುವುದಿಲ್ಲ.

ಮುಖದ ಅನಿಮೇಷನ್ ಮಾಡಲು ಜನ ಇಲ್ಲ, ದುಡ್ಡಿಲ್ಲ ಅಂದರೆ ಬೇರೆ ರೂಪ ಹುಡುಕಿ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರ 2020ರ ರಾಜಿ ಗೇಮ್‌ನಲ್ಲಿ ಕಥೆಯ ಭಾಗಗಳನ್ನು ತೊಗಲುಗೊಂಬೆಯ ನೆರಳಿನಾಟದ ರೀತಿ ಮಾಡಿದ್ದಾರೆ. ಅದು ಕಡಿಮೆ ಖರ್ಚಿನ ದಾರಿ ಅಂತ ನೋಡುವವರಿಗೆ ಅನಿಸುವುದೇ ಇಲ್ಲ, ಅದರ ಚೆಂದವೇ ಬೇರೆ. ನಮ್ಮ ಕುಂದಾಪುರ ಹತ್ತಿರದ ಉಪ್ಪಿನಕುದ್ರುವಿನಲ್ಲಿ ಸೂತ್ರದ ಬೊಂಬೆಗಳ ಯಕ್ಷಗಾನ ಗೊಂಬೆಯಾಟ ಉಂಟು. ಒಮ್ಮೆ ಹೋಗಿ ನೋಡಿ, ಮುಖ ಅಲ್ಲಾಡದೆ ಬರೀ ತಲೆ, ಭುಜ, ಕೈಯಲ್ಲಿ ಎಷ್ಟು ಹೇಳಬಹುದು ಅಂತ.

ಸ್ಕಿಪ್ ಕಡ್ಡಾಯ. ಇದರಲ್ಲಿ ರಾಜಿ ಇಲ್ಲ. 2002ರ ಕಿಂಗ್‌ಡಮ್ ಹಾರ್ಟ್ಸ್‌ನಲ್ಲಿ ಕಟ್‌ಸೀನ್ ಸ್ಕಿಪ್ ಮಾಡಲು ಆಗುತ್ತಿರಲಿಲ್ಲ, ಬಾಸ್ (ದೊಡ್ಡ ಶತ್ರು) ಎದುರು ಸೋತಾಗಲೆಲ್ಲ ಅದೇ ಮಾತು ಮತ್ತೆ ಕೇಳಬೇಕಾಗುತ್ತಿತ್ತು. ಒತ್ತಿ ಹಿಡಿದರೆ ಮಾತ್ರ ಸ್ಕಿಪ್ ಆಗಲಿ, ತಪ್ಪಿ ಬೆರಳು ತಾಗಿದರೆ ಆಗಬಾರದು. ನಡುವೆ ನಿಲ್ಲಿಸಿಡುವ ಪಾಜ್ ಕೂಡ ಬೇಕು, ಮನೆಯಲ್ಲಿ ಅಮ್ಮ ಊಟಕ್ಕೆ ಕರೆಯುವುದು ಸರಿಯಾಗಿ ಕಟ್‌ಸೀನ್ ನಡುವೆಯೇ. ಸೋತವರು ಮತ್ತೆ ಶುರು ಮಾಡುವ ಚೆಕ್‌ಪಾಯಿಂಟ್ ಕಟ್‌ಸೀನ್ ಮುಗಿದ ಮೇಲೆ ಇಡಿ.

ಸ್ಕಿಪ್‌ನಲ್ಲಿ ಒಂದು ದೊಡ್ಡ ಬಗ್ ಎಲ್ಲರಿಗೂ ಬರುತ್ತದೆ. ಕಟ್‌ಸೀನ್ ನಡುವೆ ಬಾಗಿಲು ತೆರೆಯುತ್ತದೆ ಅಂದುಕೊಳ್ಳಿ. ಆಡುವವರು ಅದಕ್ಕೆ ಮೊದಲೇ ಸ್ಕಿಪ್ ಮಾಡಿದರು, ಬಾಗಿಲು ತೆರೆಯಲೇ ಇಲ್ಲ, ಆಟ ಅಲ್ಲೇ ಸಿಕ್ಕಿಕೊಂಡಿತು. ಅದಕ್ಕೆ ದೃಶ್ಯ ಮುಗಿದಾಗ ಏನೇನು ಎಲ್ಲೆಲ್ಲಿ ಇರಬೇಕು ಅನ್ನುವುದನ್ನೆಲ್ಲ ಒಂದೇ ಫಂಕ್ಷನ್‌ನಲ್ಲಿ ಬರೆದಿಡಿ. ದೃಶ್ಯ ತಾನಾಗಿ ಮುಗಿದರೂ, ಸ್ಕಿಪ್ ಆದರೂ, ಅದೇ ಫಂಕ್ಷನ್ ಓಡಲಿ.

ಕಂಟ್ರೋಲ್ ವಾಪಸ್ ಬಂತು ಅಂತ ತಿಳಿಸುವುದನ್ನೂ ಮರೆಯಬೇಡಿ. ಕೊನೆಯ ಶಾಟ್ ಆಟದ ಕ್ಯಾಮೆರಾ ಇರುವ ಜಾಗದಲ್ಲೇ ಬಂದು ನಿಂತರೆ ಹೆಚ್ಚಿನವರಿಗೆ ಹೇಳದೆಯೇ ಗೊತ್ತಾಗುತ್ತದೆ. ಕಟ್‌ಸೀನಿಗೆ ಪರದೆಯ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿದ್ದರೆ ಅದು ಸರಿಯುವುದೇ ಸೂಚನೆ.

ಕನ್ನಡ ಅಕ್ಷರ, ಕನ್ನಡ ಧ್ವನಿ

ಸಬ್‌ಟೈಟಲ್ ಕನ್ನಡದಲ್ಲಿ ಹಾಕುತ್ತೀರಾದರೆ ಮೊದಲ ದಿನವೇ ಒತ್ತಕ್ಷರ ಪರೀಕ್ಷೆ ಮಾಡಿ. ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ಒತ್ತಕ್ಷರಗಳನ್ನು ತಾನಾಗಿ ಸರಿಯಾಗಿ ಜೋಡಿಸುವುದಿಲ್ಲ, ಅಕ್ಷರ ಒಡೆದು ಸಾಲಾಗಿ ನಿಲ್ಲುತ್ತದೆ. ಗೊಡೋ 4 ಇದನ್ನು ಸರಿಯಾಗಿ ಮಾಡುತ್ತದೆ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ಎರಡೂ ಉಚಿತ ಫಾಂಟ್, ಗೇಮ್‌ನಲ್ಲಿ ಹಾಕಬಹುದು. ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಎರಡು ಸಾಲು ಮೀರಬೇಡಿ.

ಇನ್ನೊಂದು, ಟೈಪ್‌ರೈಟರ್ ಹಾಗೆ ಒಂದೊಂದೇ ಅಕ್ಷರ ಮೂಡಿಸುವುದು. ಕೋಡ್ ಒಂದೊಂದು ಕ್ಯಾರೆಕ್ಟರ್ ಎಣಿಸುತ್ತದೆ, ಕನ್ನಡ ಹಾಗೆ ಎಣಿಸಿಕೊಳ್ಳುವುದಿಲ್ಲ. "ಸಮುದ್ರ" ಅಂತ ಬರಬೇಕಾದದ್ದು ಪರದೆಯಲ್ಲಿ ಮೊದಲು "ಸಮುದ", ಆಮೇಲೆ "ಸಮುದ್", ಕೊನೆಗೆ "ಸಮುದ್ರ". ಪ್ರತಿ ಒತ್ತಕ್ಷರದಲ್ಲೂ ಹೀಗೆ ಮಿಣುಕಿದರೆ ಓದುವವರ ಕಣ್ಣು ಸೋಲುತ್ತದೆ. ಅಕ್ಷರದ ಬದಲು ಒಂದೊಂದು ಪದವಾಗಿ ಮೂಡಿಸಿ, ತಾಪತ್ರಯ ಮುಗಿಯಿತು.

ಮಾತು ಬರೆಯುವಾಗ ದಕ್ಕೆಯ ಜನರಿಗೆ ಬೆಂಗಳೂರಿನ ಕನ್ನಡ ತುರುಕಬೇಡಿ. "ಇವತ್ತು ಹೋಗುದು ಬೇಡ ಅಣ್ಣ" ಅಂದರೆ ಬೀದರಿನವರಿಗೂ ಅರ್ಥವಾಗುತ್ತದೆ. ನಡುವೆ ತುಳು ಬರಲಿ, ಬ್ಯಾರಿ ಬರಲಿ, ಕೆಳಗೆ ಕನ್ನಡ ಸಬ್‌ಟೈಟಲ್ ಇದ್ದರಾಯಿತು.

ಧ್ವನಿಗೆ ಜನ ಎಲ್ಲಿ ಸಿಗುತ್ತಾರೆ ಅಂತ ಕೇಳುವವರಿಗೆ ನಾನು ಹೇಳುವುದು ತಾಳಮದ್ದಳೆಗೆ ಹೋಗಿ ಅಂತ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಬರೀ ಮಾತಿನಲ್ಲಿ ಪಾತ್ರ ಕಟ್ಟುವವರು ನಮ್ಮೂರಲ್ಲಿರುವಾಗ ಬೇರೆ ಕಡೆ ಯಾಕೆ ಹುಡುಕಬೇಕು? ತುಳು ನಾಟಕದವರೂ ಇದ್ದಾರೆ. ಒಂದು ಮಾತು ಮೊದಲೇ ಹೇಳಿಡಿ: ಸಭೆಯ ಕೊನೆಯ ಸಾಲಿಗೆ ಮುಟ್ಟಿಸುವ ಗಂಟಲು ಮೈಕಿಗೆ ಜಾಸ್ತಿಯಾಗುತ್ತದೆ, ಎದುರು ಕೂತ ಒಬ್ಬರ ಹತ್ತಿರ ಮಾತಾಡಿದ ಹಾಗೆ ಸಾಕು. ಅವರಿಗೆ ಸಂಭಾವನೆ ಕೊಡಿ, ಕ್ರೆಡಿಟ್ಸ್‌ನಲ್ಲಿ ಹೆಸರು ಹಾಕಿ. ರೆಕಾರ್ಡಿಂಗ್ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಶೀಟ್ ಮಾಡಿನ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಮಳೆಯ ಸದ್ದು ಬಿಟ್ಟು ಬೇರೇನೂ ಸಿಗುವುದಿಲ್ಲ. ಫ್ಯಾನ್, ಫ್ರಿಜ್ ಆಫ್ ಮಾಡಿ, ಬಟ್ಟೆ ತುಂಬಿದ ಕಪಾಟಿನ ಎದುರು ಕೂರಿಸಿ. ಮಳೆಯನ್ನು ಬೇರೆಯಾಗಿ ರೆಕಾರ್ಡ್ ಮಾಡಿ, ಅದೂ ಬೇಕಾಗುತ್ತದೆ. ದಕ್ಕೆಯ ಬೆಳಗಿನ ಏಲಂ ಕೂಗು, ಬೋಟಿನ ಎಂಜಿನ್ ಕೂಡ ಬೇಕು, ಕೇಳಿಕೊಂಡು ಹೋಗಿ.

ಆಡಿಸಿ ನೋಡುವುದು

ಎಲ್ಲ ಆದ ಮೇಲೆ ಗೇಮ್ ಬಗ್ಗೆ ಏನೂ ಗೊತ್ತಿಲ್ಲದ ನಾಲ್ಕೈದು ಜನರಿಗೆ ಕೊಟ್ಟು ಹಿಂದೆ ಕೂತುಕೊಳ್ಳಿ. ಬಾಯಿ ಬಿಡಬೇಡಿ. ಪರದೆ ನೋಡುವುದಕ್ಕಿಂತ ಅವರ ಕೈ ನೋಡಿ. ಕಂಟ್ರೋಲರ್ ಮಡಿಲಿಗೆ ಎಲ್ಲಿ ಇಳಿಯಿತು, ಫೋನ್ ಎಲ್ಲಿ ಕೈಗೆ ಬಂತು, ಸಮಯ ಬರೆದುಕೊಳ್ಳಿ. ಇಬ್ಬರು ಒಂದೇ ಜಾಗದಲ್ಲಿ ಫೋನ್ ತೆಗೆದರೆ ಆ ದೃಶ್ಯ ಅಲ್ಲಿಗೆ ಐದು ಸೆಕೆಂಡು ಮೊದಲೇ ಮುಗಿಯಬೇಕಿತ್ತು. ಕಟ್‌ಸೀನ್ ನಡುವೆ ಯಾರಾದರೂ ಸ್ಟಿಕ್ ಅಲ್ಲಾಡಿಸುತ್ತಿದ್ದರೆ ಅವರಿಗೆ ಅಲ್ಲಿ ಆಡಬೇಕು ಅನಿಸುತ್ತಿದೆ ಅಂತ ಅರ್ಥ. ಆ ಜಾಗವನ್ನು ಆಟವಾಗಿ ಮಾಡಿಕೊಡಿ.

ಆಮೇಲೆ ಅದೇ ಗೇಮನ್ನು ಎಲ್ಲ ಕಟ್‌ಸೀನ್ ಸ್ಕಿಪ್ ಮಾಡಿ ಒಮ್ಮೆ ಆಡಿಸಿ. ಕಥೆ ಏನು ಅಂತ ಕೇಳಿ. ದಾರಿ ತಪ್ಪದೆ ಮುಕ್ಕಾಲು ಕಥೆ ಹೇಳಿದರೆ ನಿಮ್ಮ ಕೆಲಸ ಸರಿಯಾಗಿದೆ, ಏನೂ ಹೇಳಲಾಗದಿದ್ದರೆ ಕಥೆ ಪೂರ್ತಿ ಕಟ್‌ಸೀನಿನಲ್ಲೇ ಕೂತಿದೆ, ಸಮುದ್ರ ಪೂಜೆಯ ದೃಶ್ಯದಿಂದ ಮತ್ತೆ ಶುರು ಮಾಡಿ. ಕತ್ತರಿಸಿದ ಶಾಟ್‌ಗಳನ್ನು ಅಳಿಸಬೇಡಿ, ಬೇರೆ ಫೋಲ್ಡರಿನಲ್ಲಿಡಿ. ಟ್ರೈಲರ್ ಮಾಡುವಾಗ ಅವೇ ಬೇಕಾಗುತ್ತವೆ.